ಎರಡು ಸಲ ಬಾಗಿದ ಪುಶ್‌ರಾಡ್: ಮುರಿದ ಭಾಗವನ್ನೇ ಬದಲಿಸುತ್ತಾ ಹೋದರೆ ಏನಾಗುತ್ತೆ?

(ಪುಣೆಯಲ್ಲಿ ನಡೆದ ಕನ್ನಡ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತು. ವಿಡಿಯೋ ನೋಡಲು ಸಮಯ ಇಲ್ಲದವರಿಗಾಗಿ ಬರಹ ರೂಪದಲ್ಲಿ.)



ನಾನು ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್. ಕೆಲಸ ಹಿಂಜವಡಿಯಲ್ಲಿ. ದಿನಾ ಮಾಡೋದು ಸರ್ವರ್‌ಗಳು ಯಾಕೆ ಬಿದ್ದವು ಅಂತ ಹುಡುಕೋ ಕೆಲಸ. ಆದರೆ ಇವತ್ತು ಮಾತಾಡೋದು ಸರ್ವರ್ ಬಗ್ಗೆ ಅಲ್ಲ, ಸಾಗರದ ಹತ್ತಿರ ನಮ್ಮ ಮನೆಯಲ್ಲಿರೋ ಒಂದು ಹಳೇ ಡೀಸೆಲ್ ಜೀಪಿನ ಬಗ್ಗೆ. ಇಂಜಿನ್ ಪೂರ್ತಿ ಬಿಚ್ಚಿ ಕೆಲಸ ಮಾಡಿಸಿದ ಮೇಲೆ ಅದರ ಒಂದೇ ಭಾಗ ಮತ್ತೆ ಮತ್ತೆ ಹಾಳಾಯ್ತು. ಆಫೀಸಲ್ಲಿ ನಾನು ಜೂನಿಯರ್‌ಗಳಿಗೆ ಏನು ಮಾಡಬೇಡಿ ಅಂತ ಹೇಳ್ತೀನೋ, ಊರಿನ ಜೀಪಿನ ವಿಷಯದಲ್ಲಿ ಅದನ್ನೇ ಎರಡು ಸಲ ಮಾಡಿದೆ. ಆ ಕಥೆ.

ಮಲೆನಾಡಿನವರಿಗೆ ಜೀಪ್ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ತೋಟಕ್ಕೆ ಗೊಬ್ಬರ, ಮಂಡಿಗೆ ಅಡಿಕೆ, ಮದುವೆಗೆ ಪಾತ್ರೆ, ರಾತ್ರಿ ಹೊತ್ತು ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಆಸ್ಪತ್ರೆಗೆ, ಎಲ್ಲಾದಕ್ಕೂ ಅದೇ. ನಮ್ಮನೆಯಿಂದ ಟಾರ್ ರಸ್ತೆಗೆ ಬರಬೇಕಾದ್ರೆ ಒಂದು ಉದ್ದದ ಏರು ಇದೆ. ಮಳೆಗಾಲದಲ್ಲಿ ಕಾರು ಅಲ್ಲಿ ಹತ್ತೋದಿಲ್ಲ. ಇಂಜಿನ್ ಹೊಗೆ ಕಾರಿ, ಆಯಿಲ್ ತಿನ್ನೋಕೆ ಶುರು ಮಾಡಿದಾಗ ಅಪ್ಪಯ್ಯ "ಇನ್ನೊಂದು ವರ್ಷ ನೋಡೋಣ ತಡಿ" ಅಂದ್ರು. ನಾನೇ ಹಟ ಮಾಡಿ ದುಡ್ಡು ಕಳಿಸಿ ಫುಲ್ ಇಂಜಿನ್ ಕೆಲಸ ಮಾಡಿಸಿದೆ. ದುಡ್ಡಷ್ಟೇ ಅಲ್ಲ, ಇಲ್ಲಿ ನಾನಾ ಪೇಠ್‌ನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲೇ ಇದೆಯಲ್ಲ, ಅಲ್ಲಿ ಹುಡುಕಿ ಒಳ್ಳೇ ಸಾಮಾನನ್ನೇ ತಗೊಂಡು ಪಾರ್ಸೆಲ್ ಮಾಡಿದೆ. ಈ ವಿಷಯ ಸ್ವಲ್ಪ ನೆನಪಿಟ್ಕೊಳ್ಳಿ.

ಮೊದಲು ವಾಲ್ವ್ ಹೇಗೆ ತೆರೆಯುತ್ತೆ ಅಂತ ಎರಡು ನಿಮಿಷ ನೋಡೋಣ.

ಸಿಲಿಂಡರ್ ಒಳಗೆ ಗಾಳಿ ಬರೋಕೆ ಒಂದು ಬಾಗಿಲು, ಹೊಗೆ ಹೋಗೋಕೆ ಒಂದು ಬಾಗಿಲು. ಅವೇ ಇನ್‌ಲೆಟ್ ವಾಲ್ವ್, ಎಕ್ಸಾಸ್ಟ್ ವಾಲ್ವ್. ನಮ್ಮ ಜೀಪಿನಂಥ ಹಳೇ ಇಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಕೆಳಗಡೆ, ವಾಲ್ವ್ ಮೇಲ್ಗಡೆ ಹೆಡ್‌ನಲ್ಲಿ. ಕ್ಯಾಮ್‌ನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತೆ, ಟ್ಯಾಪೆಟ್ ಪುಶ್‌ರಾಡ್ ಅನ್ನೋ ಉದ್ದ ಸರಳನ್ನು ಎತ್ತುತ್ತೆ, ಪುಶ್‌ರಾಡ್ ರಾಕರಿನ ಒಂದು ತುದಿಯನ್ನು ಎತ್ತುತ್ತೆ, ರಾಕರ್ ಏತದ ಹಾಗೆ ಇನ್ನೊಂದು ತುದಿಯಿಂದ ವಾಲ್ವನ್ನು ಕೆಳಗೆ ಒತ್ತುತ್ತೆ. ಸ್ಪ್ರಿಂಗ್ ಅದನ್ನು ವಾಪಸ್ ಮುಚ್ಚುತ್ತೆ. ವಾಲ್ವ್‌ನ ಕಡ್ಡಿ, ಅಂದ್ರೆ ಸ್ಟೆಮ್, ಮೇಲೆ ಕೆಳಗೆ ಜಾರೋದು ಗೈಡ್ ಅನ್ನೋ ಒಂದು ಕೊಳವೆಯೊಳಗೆ. ಇಂಜಿನ್ 3000 ಸುತ್ತಲ್ಲಿ ಓಡ್ತಿದ್ರೆ ಕ್ಯಾಮ್ ಅದರ ಅರ್ಧ, 1500 ಸುತ್ತು. ಅಂದ್ರೆ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕು.

ಈ ಸರಪಳಿಯಲ್ಲಿ ಎಲ್ಲಿ ಅಡ್ಡಿ ಬಂದ್ರೂ ಪೆಟ್ಟು ಬೀಳೋದು ಅತೀ ಬಡಪಾಯಿಗೆ. ಇಲ್ಲಿ ಆ ಬಡಪಾಯಿ ಪುಶ್‌ರಾಡ್. ಉದ್ದ ಜಾಸ್ತಿ, ದಪ್ಪ ಕಡಿಮೆ. ಎರಡೂ ಕಡೆಯಿಂದ ಜೋರಾಗಿ ಒತ್ತಿದ್ರೆ ನಡುವಲ್ಲಿ ಬಿಲ್ಲಿನ ಹಾಗೆ ಬಾಗುತ್ತೆ.

ಇಂಜಿನ್ ಕೆಲಸ ಮುಗಿದು ಇನ್ನೂರು ಕಿಲೋಮೀಟರ್ ಓಡಿರಲಿಲ್ಲ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಪುಶ್‌ರಾಡ್ ಬಾಗ್ತು. ಮೇಸ್ತ್ರಿ ಟ್ಯಾಪೆಟ್ ಕವರ್ ತೆಗೆದು, ಹಳೇದರಲ್ಲಿ ಚೆನ್ನಾಗಿದ್ದ ಒಂದು ಪುಶ್‌ರಾಡ್ ಹಾಕಿ, ಗ್ಯಾಪ್ ಸೆಟ್ ಮಾಡಿ ಕೊಟ್ರು. ಅರ್ಧ ದಿನದ ಕೆಲಸ.

ಎರಡು ವಾರಕ್ಕೆ ಅದೇ ಜಾಗ, ಅದೇ ಪುಶ್‌ರಾಡ್. ಈ ಸಲ ನಾನು ಫೋನಲ್ಲಿ ರೇಗಿದೆ. "ಹಳೇ ಸಾಮಾನು ಹಾಕಿದ್ರೆ ಇನ್ನೇನಾಗುತ್ತೆ? ಡೂಪ್ಲಿಕೇಟ್ ಹಾಕಿ ನಮ್ಮ ಹತ್ರ ಒರಿಜಿನಲ್ ದುಡ್ಡು ತಗೋತಿದ್ದೀರಾ?" ಅಂತ ಕೇಳಿಬಿಟ್ಟೆ. ನಾನು ಹೈಸ್ಕೂಲಿಗೆ ಹೋಗ್ತಿದ್ದಾಗಿಂದ ನಮ್ಮ ಜೀಪ್ ನೋಡ್ಕೊಂಡವರು ಅವರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ "ಆಯ್ತು, ನೀವೇ ಸಾಮಾನು ಕಳಿಸಿ, ನಾನು ಹಾಕಿಕೊಡ್ತೀನಿ" ಅಂದ್ರು. ಅಲ್ಲಿವರೆಗೆ ಅವರು ನನ್ನನ್ನ "ನೀನು" ಅಂತಿದ್ರು. ಅವತ್ತು "ನೀವು" ಆಯ್ತು.

ನಾನು ಕಳಿಸಿದೆ. ಬರೀ ಹೊಸದಲ್ಲ, ಗಟ್ಟಿಯಾದ್ದು. ಭೋಸರಿಯ ಒಂದು ವರ್ಕ್‌ಶಾಪ್‌ನಲ್ಲಿ ಅಳತೆ ಕೊಟ್ಟು ಒಳ್ಳೇ ಉಕ್ಕಿನ ಸರಳಿನಿಂದ ಸ್ವಲ್ಪ ದಪ್ಪಗೆ ಮಾಡಿಸಿದೆ. ಬಾಗ್ತಿದೆಯಾ, ಬಾಗದೇ ಇರೋದನ್ನ ಹಾಕೋಣ. ತುಂಬಾ ಲಾಜಿಕಲ್ ಅನ್ನಿಸ್ತು.

ಆ ಪುಶ್‌ರಾಡ್ ಹೆಚ್ಚುಕಮ್ಮಿ ನೆಟ್ಟಗೇ ಇತ್ತು. ಈ ಸಲ ರಾಕರ್ ಮುರೀತು. ಮುರಿದಿದ್ದು ಎಲ್ಲಿ ಅಂದ್ರೆ ನಮ್ಮನೆ ಏರಿನ ನಡುವೆ. ಮಂಡಿಗೆ ಹೊರಟಿದ್ದ ಅಡಿಕೆ ಮೂಟೆ ಹಿಂದೆ, ಅದರ ಮೇಲೆ ಇಬ್ಬರು ಆಳುಗಳು, ಸ್ಟಿಯರಿಂಗ್ ಹಿಡಿದಿದ್ದು ಅಪ್ಪಯ್ಯ. ದಢಾರ್ ಅಂತ ಶಬ್ದ ಬಂದು ಇಂಜಿನ್ ನಿಂತು, ಜೀಪ್ ಹಿಂದಕ್ಕೆ ಜಾರೋಕೆ ಶುರುವಾಯ್ತು. ಆಳು ಒಬ್ಬ ಹಾರಿ ಇಳಿದು ಚಕ್ರದ ಹಿಂದೆ ಕಲ್ಲು ಕೊಟ್ಟ. ಯಾರಿಗೂ ಏನೂ ಆಗಲಿಲ್ಲ. ಅಪ್ಪಯ್ಯ ಇದನ್ನ ನನಗೆ ಹೇಳಲೂ ಇಲ್ಲ. ನಾಲ್ಕು ದಿನ ಆದ ಮೇಲೆ ಅಮ್ಮ ಹೇಳಿದ್ದು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯೋಚನೆ ಮಾಡ್ತಾ ಹೋದ ಹಾಗೆ ಒಂದು ವಿಷಯ ತಲೆಗೆ ಹೋಯ್ತು. ಮನೆಯಲ್ಲಿ ಫ್ಯೂಸ್ ಪದೇಪದೇ ಹೋದ್ರೆ ಯಾರಾದ್ರೂ ದಪ್ಪ ತಂತಿ ಕಟ್ತಾರಾ? ಕಟ್ಟಿದ್ರೆ ಮುಂದೆ ಸುಡೋದು ಗೋಡೆಯೊಳಗಿನ ವೈರು. ಪುಶ್‌ರಾಡ್ ಬಾಗಿ "ಮೇಲೆ ಏನೋ ಅಡ್ಡಿ ಇದೆ" ಅಂತ ಎರಡು ಸಲ ಹೇಳಿತ್ತು. ನಾನು ಅದನ್ನ ಕೇಳಿಸಿಕೊಳ್ಳದೆ ಪೆಟ್ಟನ್ನು ಮುಂದಕ್ಕೆ ದೂಡಿದೆ. ಆಫೀಸಲ್ಲಿ ಪ್ರೋಗ್ರಾಂ ಮೆಮೊರಿ ಸಾಲದೆ ಸತ್ತರೆ ಮೆಮೊರಿ ಜಾಸ್ತಿ ಮಾಡಿ ರೀಸ್ಟಾರ್ಟ್ ಮಾಡ್ತಾರಲ್ಲ, ಲೀಕ್ ಎಲ್ಲಿದೆ ಅಂತ ನೋಡದೆ? ಅದೇ.

ಮರುದಿನ ರಜೆ ಹಾಕಿ ಬಸ್ ಹತ್ತಿದೆ.

ಗ್ಯಾರೇಜಿಗೆ ಹೋಗಿ ಮೇಸ್ತ್ರಿ ಹತ್ರ ಹೇಳಿದ್ದು ಇಷ್ಟೇ: "ಈ ಸಲ ಏನನ್ನೂ ಬದಲಿಸೋದು ಬೇಡ. ಹೆಡ್ ಬಿಚ್ಚೋಣ. ಯಾಕೆ ಅಂತ ಗೊತ್ತಾಗೋವರೆಗೆ ಜೋಡಿಸೋದೂ ಬೇಡ." ಅವರು ಬರೀ "ಹೂಂ" ಅಂದ್ರು. ಒಂದು ವಿಷಯ ಗಮನಿಸಿ: ಪುಶ್‌ರಾಡ್ ಬದಲಿಸೋಕೆ ಮೇಲಿನ ಕವರ್ ತೆಗೆದು ರಾಕರ್ ಸೆಟ್ ಸಡಿಲ ಮಾಡಿದ್ರೆ ಸಾಕು, ಹೆಡ್ ತೆಗೆಯಬೇಕಾಗಿಲ್ಲ. ಹಾಗಾಗಿ ಹಿಂದಿನ ಎರಡು ರಿಪೇರಿಯಲ್ಲಿ ಯಾರೂ ಒಳಗೆ ನೋಡಿರಲೇ ಇಲ್ಲ.

ಒಂದು ಹಾಳೆ ತಗೊಂಡು ಅನುಮಾನಗಳನ್ನ ಬರೆದ್ವಿ. ಒಂದೊಂದರ ಮುಂದೆ, "ಇದೇ ಕಾರಣ ಆಗಿದ್ರೆ ಇನ್ನೇನು ಕಾಣಬೇಕು?" ಅಂತ. ನೀವು ಯಾವತ್ತಾದ್ರೂ ಇಂಜಿನ್ ಕೆಲಸ ಮಾಡಿಸಿದ್ರೆ ಈ ಪಟ್ಟಿ ಉಪಯೋಗಕ್ಕೆ ಬರಬಹುದು.

ಒಂದು, ಟೈಮಿಂಗ್. ಜೋಡಿಸುವಾಗ ಗೇರಿನ ಒಂದು ಹಲ್ಲು ತಪ್ಪಿದ್ರೆ ವಾಲ್ವ್ ತೆರೆದಿರುವಾಗಲೇ ಪಿಸ್ಟನ್ ಮೇಲೆ ಬಂದು ಹೊಡೆಯಬಹುದು. ಆದರೆ ಹಾಗಾದ್ರೆ ನಾಲ್ಕೂ ಸಿಲಿಂಡರಲ್ಲಿ ಗುರುತು ಇರಬೇಕು.

ಎರಡು, ಹೆಡ್ ಫೇಸಿಂಗ್. ಹೆಡ್‌ನ ತಳವನ್ನು ಜಾಸ್ತಿ ಉಜ್ಜಿ ಕಡಿಮೆ ಮಾಡಿದ್ರೆ, ಅಥವಾ ತೆಳು ಗ್ಯಾಸ್ಕೆಟ್ ಹಾಕಿದ್ರೆ, ವಾಲ್ವ್‌ಗೂ ಪಿಸ್ಟನ್‌ಗೂ ನಡುವಿನ ಜಾಗ ಕಡಿಮೆ ಆಗುತ್ತೆ. ಡೀಸೆಲ್ ಇಂಜಿನ್‌ನಲ್ಲಿ ಆ ಜಾಗ ಮೊದಲೇ ಕಡಿಮೆ. ಇದೂ ನಾಲ್ಕಕ್ಕೂ ಒಂದೇ ಥರ ಕಾಣಬೇಕು.

ಮೂರು, ಸ್ಪ್ರಿಂಗ್. ಬೇರೆ ಇಂಜಿನ್ನಿನ ಸ್ಪ್ರಿಂಗ್ ಹಾಕಿದ್ರೆ, ವಾಲ್ವ್ ಪೂರ್ತಿ ತೆರೆಯೋ ಮೊದಲೇ ಸುರುಳಿಗಳು ಒಂದಕ್ಕೊಂದು ಕೂತುಬಿಡುತ್ತೆ. ಆಮೇಲೆ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ಗಟ್ಟಿ. ಬಿಡಿಯಾಗಿಟ್ಟು ಎಂಟನ್ನೂ ಸಾಲಾಗಿ ಅಳೆದ್ರೆ ಗೊತ್ತಾಗುತ್ತೆ.

ನಾಲ್ಕು, ಆಯಿಲ್. ರಾಕರ್ ಶಾಫ್ಟಿಗೆ ಹೋಗೋ ಆಯಿಲ್ ದಾರಿ ಕಟ್ಟಿದ್ರೆ, ಅಥವಾ ಬುಷ್ ಹಾಕುವಾಗ ತೂತು ತಪ್ಪಿದ್ರೆ, ರಾಕರ್ ಒಣಗಿ ಕಚ್ಚಿಕೊಳ್ಳುತ್ತೆ. ಆಗ ಬಾಗೋದಕ್ಕಿಂತ ಮೊದಲು ತುದಿಗಳು ಸವೆದಿರಬೇಕು, ನೀಲಿ ಬಣ್ಣ ತಿರುಗಿರಬೇಕು.

ಐದು, ಟ್ಯಾಪೆಟ್ ಮತ್ತು ಕ್ಯಾಮ್. ಟ್ಯಾಪೆಟ್‌ನ ಮುಖ ಸವೆದಿದ್ರೆ ಆಯಿಲಲ್ಲಿ ಲೋಹದ ಪುಡಿ ಇರಬೇಕು, ವಾಲ್ವ್ ತೆರೆಯೋ ಎತ್ತರ ಕಡಿಮೆ ಆಗಿರಬೇಕು.

ಆರು, ವಾಲ್ವ್ ಗೈಡಿನಲ್ಲಿ ಹಿಡಿದುಕೊಳ್ಳೋದು.

ಹೆಡ್ ಬಿಚ್ಚಿದ್ವಿ. ಮೂರನೇ ಪಿಸ್ಟನ್ ತಲೆ ಮೇಲೆ, ಮಸಿಯ ನಡುವೆ ಬೆಳ್ಳಗೆ ಒಂದು ಸಣ್ಣ ಗುರುತು. ಮೇಸ್ತ್ರಿ ಟಾರ್ಚ್ ಬಿಟ್ಟು "ಚೌತಿ ಚಂದ್ರ" ಅಂದ್ರು. ನಿಜ, ಹಾಗೇ ಇತ್ತು. ವಾಲ್ವ್‌ನ ಅಂಚು ಬಡಿದ ಗುರುತು. ಉಳಿದ ಮೂರು ಪಿಸ್ಟನ್ ಮೇಲೆ ಏನೂ ಇಲ್ಲ. ಅಲ್ಲಿಗೆ ಒಂದು, ಎರಡು ಹೋಯ್ತು. ಸ್ಪ್ರಿಂಗ್ ಎಂಟೂ ಒಂದೇ ಉದ್ದ. ರಾಕರ್ ಶಾಫ್ಟ್ ಒದ್ದೆ ಇತ್ತು, ಆಯಿಲ್ ಚೆನ್ನಾಗಿ ಬರ್ತಿತ್ತು. ಟ್ಯಾಪೆಟ್ ಮುಖ ನುಣುಪು. ಮೂರು, ನಾಲ್ಕು, ಐದೂ ಹೋಯ್ತು.

ಉಳಿದಿದ್ದು ಗೈಡ್. ಮೇಸ್ತ್ರಿ ವಾಲ್ವ್ ಕೈಯಲ್ಲಿ ಆಡಿಸಿದ್ರು. ಆರಾಮಾಗಿ ಜಾರ್ತಿತ್ತು. "ಫ್ರೀ ಇದೆಯಲ್ಲ" ಅಂದ್ರು. ನನಗೂ ಹಾಗೇ ಅನ್ನಿಸ್ತು. ನಮ್ಮ ಪಟ್ಟಿ ಖಾಲಿ.

ಆ ರಾತ್ರಿ ಮನೆಯಲ್ಲಿ ಅಪ್ಪಯ್ಯನನ್ನ ಕೇಳಿದೆ, ಪ್ರತಿ ಸಲ ಹೋಗೋ ಮೊದಲು ಏನಾದ್ರೂ ಬೇರೆ ಥರ ಆಗಿತ್ತಾ ಅಂತ. ಅವರು ಒಳಗೆ ಹೋಗಿ ಅಡಿಕೆ ಲೆಕ್ಕದ ಪುಸ್ತಕ ತಂದ್ರು. ಅದರ ಹಿಂದಿನ ಪುಟಗಳಲ್ಲಿ ಜೀಪಿನ ಲೆಕ್ಕ: ತಾರೀಖು, ಕಿಲೋಮೀಟರ್, ಡೀಸೆಲ್ ಎಷ್ಟು, ಎಲ್ಲಿಗೆ ಹೋಗಿದ್ದು. ನಡುನಡುವೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ. "ಏರು ಹತ್ತಿದ ಮೇಲೆ ಟಕ್ ಟಕ್ ಶಬ್ದ. ತಣಿದ ಮೇಲೆ ಇಲ್ಲ." ಹತ್ತು ದಿನ ಬಿಟ್ಟು ಮತ್ತೆ, "ಮಂಡಿಯಿಂದ ಬರುವಾಗ ಟಕ್ ಟಕ್. ಬೆಳಿಗ್ಗೆ ಸರಿ ಇದೆ."

ನಾನು ದಿನಾ ಆಫೀಸಲ್ಲಿ "ಲಾಗ್ ಎಲ್ಲಿ, ಲಾಗ್ ಎಲ್ಲಿ" ಅಂತ ಕೂಗೋನು. ಲಾಗ್ ನಮ್ಮನೆ ಕಪಾಟಿನಲ್ಲೇ ಇತ್ತು. ಕೇಳಿರಲಿಲ್ಲ ಅಷ್ಟೇ.

ಮೂರು ಸಲವೂ ಹೋಗಿದ್ದು ಇಂಜಿನ್ ಚೆನ್ನಾಗಿ ಬಿಸಿಯಾದಾಗ, ಲೋಡ್ ಇದ್ದಾಗ. ಬೆಳಿಗ್ಗೆ ತಣ್ಣಗಿದ್ದಾಗ ಒಂದು ಸಲವೂ ಇಲ್ಲ. ಮತ್ತೆ ನಾವು ಗ್ಯಾರೇಜಲ್ಲಿ ವಾಲ್ವ್ ಆಡಿಸಿ ನೋಡಿದ್ದು ತಣ್ಣಗಿದ್ದಾಗ. ನಮ್ಮ ಭಾಷೆಯಲ್ಲಿ "ನನ್ನ ಮಷೀನ್‌ನಲ್ಲಿ ಸರಿ ಓಡ್ತಿದೆ" ಅಂತೀವಲ್ಲ, ಅದೇ.

ಮರುದಿನ ಸಾಗರದ ಲೇತ್ ಅಂಗಡಿಗೆ ಹೆಡ್ ತಗೊಂಡು ಹೋಗಿ ಅಳತೆ ಮಾಡಿಸಿದ್ವಿ. ಕಡ್ಡಿಯನ್ನ ಮೈಕ್ರೋಮೀಟರಲ್ಲಿ, ಗೈಡಿನ ತೂತನ್ನ ಒಳಗಿನ ಗೇಜಲ್ಲಿ. ಮೂರನೇ ಎಕ್ಸಾಸ್ಟ್‌ನಲ್ಲಿ ಕಡ್ಡಿಗೂ ಗೈಡಿಗೂ ನಡುವೆ ಇದ್ದ ಜಾಗ 0.02 ಮಿಲಿಮೀಟರ್. ಎರಡನೇದರಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ. ತುದಿಯ ಎರಡರಲ್ಲಿ 0.04ರ ಹತ್ರ. ಈ ಅಳತೆಯ ಎಕ್ಸಾಸ್ಟ್ ವಾಲ್ವ್‌ಗೆ 0.05ಕ್ಕಿಂತ ಜಾಸ್ತಿ ಇದ್ರೆ ಒಳ್ಳೇದು.

0.03 ಮಿಲಿಮೀಟರ್ ವ್ಯತ್ಯಾಸ ಅಂದ್ರೆ ಕೂದಲಿನ ಅರ್ಧದಷ್ಟೂ ಇಲ್ಲ. ಅದರಿಂದ ಇಷ್ಟೆಲ್ಲ ಆಗುತ್ತಾ? ಲೆಕ್ಕ ಹಾಕೋಣ. ಎಕ್ಸಾಸ್ಟ್ ವಾಲ್ವ್ ಮಾಡೋ ಉಕ್ಕು ಮಾಮೂಲಿ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತೆ, ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 18 ಭಾಗ. ಕಡ್ಡಿ 8 ಮಿಲಿಮೀಟರ್ ದಪ್ಪ, 300 ಡಿಗ್ರಿ ಬಿಸಿ ಏರಿತು ಅಂತ ಇಟ್ಕೊಳ್ಳಿ. 8 ಗುಣಿಸು 18 ಗುಣಿಸು 300, ಭಾಗಿಸು ಹತ್ತು ಲಕ್ಷ: 0.043 ಮಿಲಿಮೀಟರ್ ದಪ್ಪ ಆಯ್ತು. ಗೈಡ್ ಬೀಡು ಕಬ್ಬಿಣದ್ದು, ಸುತ್ತಲೂ ನೀರು ಹರಿಯೋದರಿಂದ ಅಷ್ಟು ಬಿಸಿ ಆಗಲ್ಲ. 150 ಡಿಗ್ರಿ, 11 ಭಾಗ ಅಂದ್ರೆ ತೂತು 0.013 ಹಿಗ್ಗುತ್ತೆ. ಎರಡರ ವ್ಯತ್ಯಾಸ 0.03. ಇರೋ ಜಾಗವೇ 0.02. ಅಂದ್ರೆ ಬಿಸಿಯಾದಾಗ ಜಾಗವೇ ಇಲ್ಲ. ವಾಲ್ವ್ ಹಿಡ್ಕೊಳ್ಳುತ್ತೆ.

ಇದು ಅಂದಾಜಿನ ಲೆಕ್ಕ, ಆದರೆ ಎಲ್ಲಾ ಲಕ್ಷಣಕ್ಕೂ ಕೂಡಿ ಬರುತ್ತೆ. ಇನ್‌ಲೆಟ್ ವಾಲ್ವ್‌ಗೆ ಯಾಕೆ ಆಗಲಿಲ್ಲ? ಅದಕ್ಕೆ ಹೊರಗಿನ ತಣ್ಣನೆ ಗಾಳಿ ತಾಗುತ್ತೆ, ಕಡಿಮೆ ಹಿಗ್ಗುತ್ತೆ. ಯಾಕೆ ನಡುವಿನ ಸಿಲಿಂಡರ್? ಎರಡೂ ಕಡೆ ಬಿಸಿ ನೆರೆಯವರು. ಟಕ್ ಟಕ್ ಯಾಕೆ? ವಾಲ್ವ್ ಮುಚ್ಚೋಕೆ ತಡ ಮಾಡಿದಾಗ ರಾಕರಿಗೂ ವಾಲ್ವಿಗೂ ನಡುವೆ ಗ್ಯಾಪ್ ಬಂದು ಬಡಿಯೋ ಶಬ್ದ. ಚೌತಿ ಚಂದ್ರ ಯಾಕೆ? ತೆರೆದೇ ಉಳಿದ ವಾಲ್ವ್‌ಗೆ ಮೇಲೆ ಬಂದ ಪಿಸ್ಟನ್ ಗುದ್ದಿದೆ. ಆಗ ಪುಶ್‌ರಾಡ್ ಸಡಿಲ ಆಗಿ ಟ್ಯಾಪೆಟ್ಟಿನ ಬಟ್ಟಲಿಂದ ಸರಿದು ಕೂತು, ಮುಂದಿನ ಎತ್ತಿಗೆ ಬಾಗಿರಬಹುದು. ಇಲ್ಲವೇ ಮುಚ್ಚಿದ್ದಾಗಲೇ ಹಿಡಿದುಕೊಂಡ ವಾಲ್ವನ್ನು ಕ್ಯಾಮ್ ಬಲವಂತವಾಗಿ ಎತ್ತಿದಾಗ ಬಾಗಿರಬಹುದು. ಆ ವಾಲ್ವ್‌ನ ಕಡ್ಡಿಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಬೆಳಕಿಗೆ ಹಿಡಿದಾಗ ಉದ್ದುದ್ದ ಗೀರುಗಳು ಕಂಡವು. ನಿನ್ನೆ ಮಸಿಯಲ್ಲಿ ಮುಚ್ಚಿಹೋಗಿದ್ವು.

ಸರಿ, ಗೈಡ್ ಯಾಕೆ ಬಿಗಿ ಇತ್ತು? ಹೊಸ ಗೈಡನ್ನ ಹೆಡ್‌ಗೆ ಒತ್ತಿ ಕೂರಿಸಿದಾಗ ಅದರ ಒಳಗಿನ ತೂತು ಸ್ವಲ್ಪ ಕುಗ್ಗುತ್ತೆ. ಅದಕ್ಕೇ ಕೂರಿಸಿದ ಮೇಲೆ ರೀಮರ್ ಹೊಡೆದು ಸರಿಯಾದ ಅಳತೆಗೆ ತರಬೇಕು. ಕೆಲವು ಗೈಡ್ ಕೂರಿಸಿದ ಮೇಲೆ ಅಳತೆಗೆ ಬರೋ ಹಾಗೇ ಮಾಡಿರ್ತಾರೆ. ನಾನು ಕಳಿಸಿದ್ದು ಅಂಥದ್ದಲ್ಲ. ಅದರಲ್ಲೇನೂ ದೋಷ ಇರಲಿಲ್ಲ, ರೀಮರ್ ಹೊಡೆಯಬೇಕಿತ್ತು ಅಷ್ಟೇ.

ಲೇತ್ ಅಂಗಡಿಯವರು ಹೇಳಿದ್ರು: "ನಮಗೆ ಗೈಡ್ ಕೂರಿಸಿ ಅಂತ ಹೇಳಿದ್ರು, ಕೂರಿಸಿದ್ವಿ. ವಾಲ್ವ್ ನಮ್ಮ ಹತ್ರ ಬಂದೇ ಇರಲಿಲ್ಲ, ಯಾವ ಅಳತೆಗೆ ರೀಮ್ ಮಾಡೋದು?" ಮೇಸ್ತ್ರಿ ಹೇಳಿದ್ರು: "ಗೈಡ್ ಕೂರಿಸಿದ ಮೇಲೆ ಲೇತಿನವರೇ ರೀಮ್ ಮಾಡಿ ಕೊಡ್ತಾರೆ ಅಂದ್ಕೊಂಡೆ. ಯಾವಾಗಲೂ ನಾನು ತರಿಸೋ ಗೈಡೇ ಬೇರೆ, ವಾಲ್ವೂ ಜೊತೆಗೇ ಕಳಿಸ್ತಿದ್ದೆ. ಈ ಸಲ ಪಾರ್ಸೆಲ್ ಎರಡು ಸಲ ಬಂತು. ಮೊದಲು ಗೈಡು, ವಾರ ಬಿಟ್ಟು ವಾಲ್ವು."

ಪಾರ್ಸೆಲ್ ಮಾಡಿದ್ದು ಯಾರು? ನಾನು. ಅಪ್ಪಯ್ಯನ ಪುಸ್ತಕದಲ್ಲಿ ಅದೂ ಇತ್ತು: "ಗೈಡು, ವಾಲ್ವು: ಪುಣೆಯಿಂದ ಮಗ ಕಳಿಸಿದ್ದು." ಇಪ್ಪತ್ತು ವರ್ಷ ಸರಿಯಾಗಿ ನಡೀತಿದ್ದ ಒಂದು ವ್ಯವಸ್ಥೆಯ ನಡುವೆ ಕೈ ಹಾಕಿ, ಒಂದು ಭಾಗ ಬದಲಿಸಿ, ಯಾರಿಗೂ ಹೇಳದೆ ಬಿಟ್ಟವನು ನಾನೇ. ಮೂರು ಜನ ಅವರವರ ಕೆಲಸ ಸರಿಯಾಗೇ ಮಾಡಿದ್ವಿ. ಮಧ್ಯದ ಕೆಲಸ ಯಾರದ್ದು ಅಂತ ಯಾರೂ ಕೇಳಲಿಲ್ಲ.

ಚೌತಿ ಚಂದ್ರನ ನೋಡಿದ್ರೆ ಸುಳ್ಳು ಅಪವಾದ ಬರುತ್ತೆ ಅಂತಾರೆ. ನಮ್ಮ ಗ್ಯಾರೇಜಲ್ಲಿ ಅಪವಾದ ಮೊದಲೇ ಬಂದಿತ್ತು, ಚಂದ್ರ ಕಂಡಿದ್ದು ಆಮೇಲೆ. ಅಲ್ಲೇ ಲೇತ್ ಅಂಗಡಿಯ ಬಾಗಿಲಲ್ಲಿ ನಿಂತು ಮೇಸ್ತ್ರಿಗೆ "ನಾನು ಫೋನಲ್ಲಿ ಹಾಗೆ ಅನ್ನಬಾರದಿತ್ತು, ತಪ್ಪಾಯ್ತು" ಅಂದೆ. ಅವರು ಬೀಡಿ ಹಚ್ಚಿಕೊಂಡು, "ನಾನೂ ಒಂದು ಸಲ ವಾಲ್ವ್ ಹಾಕಿ ಅಳತೆ ನೋಡಬೇಕಿತ್ತು ಮಾರಾಯ. ಹೊಸ ಸಾಮಾನು ಅಂತ ನಂಬಿದೆ" ಅಂದ್ರು. ಮುಂದೆ ಏನೂ ಮಾತಾಡಲಿಲ್ಲ. "ಮಾರಾಯ" ವಾಪಸ್ ಬಂದಿತ್ತಲ್ಲ, ನನಗೆ ಅಷ್ಟು ಸಾಕಿತ್ತು.

ಎಂಟೂ ಗೈಡಿಗೆ ರೀಮರ್ ಹೊಡೆಸಿದ್ವಿ, ಎಕ್ಸಾಸ್ಟ್‌ಗೆ 0.06 ಇಟ್ಟು. ಗೀರು ಬಿದ್ದ ವಾಲ್ವ್ ಬದಲಿಸಿ, ಸೀಟ್ ಗ್ರೈಂಡ್ ಮಾಡಿದ್ವಿ. ಹೊಸ ರಾಕರ್, ಮಾಮೂಲಿ ಪುಶ್‌ರಾಡ್. ನಾನು ಮಾಡಿಸಿದ ಗಟ್ಟಿ ಪುಶ್‌ರಾಡ್ ಈಗ ನನ್ನ ಆಫೀಸ್ ಮೇಜಿನ ಮೇಲಿದೆ. ಮುರಿದ ಚೂರು ಒಳಗೆಲ್ಲಾದ್ರೂ ಉಳಿದಿರಬಹುದು ಅಂತ ಚೇಂಬರ್ ಬಿಚ್ಚಿ ತೊಳೆದು, ಆಯಿಲ್ ಮತ್ತು ಫಿಲ್ಟರ್ ಬದಲಿಸಿದ್ವಿ. ಐನೂರು ಕಿಲೋಮೀಟರ್ ಆದ ಮೇಲೆ ಟ್ಯಾಪೆಟ್ ಗ್ಯಾಪ್ ಮತ್ತೆ ನೋಡಿದ್ವಿ.

ಕೊನೇದಾಗಿ ನಾಲ್ಕು ಮಾತು. ಇಲ್ಲಿ ಬುಲೆಟ್ ಇಟ್ಟವರು, ಊರಲ್ಲಿ ಅಪ್ಪನ ಹಳೇ ಕಾರು ಇಟ್ಟವರು ತುಂಬಾ ಜನ ಇದ್ದೀರಿ.

ಒಂದೇ ಭಾಗ ಎರಡನೇ ಸಲ ಹೋದ್ರೆ, ಅದನ್ನ ಬದಲಿಸೋ ಮೊದಲು ನಿಲ್ಲಿ. ಮೂರನೇದನ್ನ ಗಟ್ಟಿ ಮಾಡಬೇಡಿ. ಮುರಿದ ತುಂಡನ್ನ ಎಸೀಬೇಡಿ, ಯಾವ ಸಿಲಿಂಡರಿನದು ಅಂತ ಬರೆದಿಡಿ. ಬಾಗಿದೆಯಾ, ಸವೆದಿದೆಯಾ, ಸುಟ್ಟಿದೆಯಾ ಅಂತ ನೋಡಿದ್ರೆ ಅರ್ಧ ಉತ್ತರ ಅಲ್ಲೇ ಇರುತ್ತೆ.

ಇಂಜಿನ್ ಕೆಲಸ ಆದ ಮೇಲೆ ಶುರುವಾದ ತೊಂದರೆಗೆ ಕಾರಣವನ್ನ ಮೊದಲು ಆ ಕೆಲಸದಲ್ಲೇ ಹುಡುಕಿ. ಏನೇನು ಬದಲಾಯ್ತು, ಯಾರು ತಂದಿದ್ದು, ಯಾರು ಕೂರಿಸಿದ್ದು, ಯಾರು ಅಳೆದಿದ್ದು. "ಅಳೆದಿದ್ದು" ಅನ್ನೋ ಸಾಲು ಖಾಲಿ ಇದ್ರೆ ಅಲ್ಲಿಂದ ಶುರು ಮಾಡಿ.

ಗಾಡಿ ಓಡಿಸೋರನ್ನ ಕೇಳಿ. ಬಿಸಿಯಾದಾಗಲಾ, ತಣ್ಣಗಿದ್ದಾಗಲಾ, ಏರಲ್ಲಾ, ಇಳಿಜಾರಲ್ಲಾ. ದಿನಾ ಆ ಸೀಟಲ್ಲಿ ಕೂರೋರಿಗೆ ಗೊತ್ತಿರೋದು ನಮಗೆ ಐನೂರು ಕಿಲೋಮೀಟರ್ ದೂರದಿಂದ ಗೊತ್ತಾಗಲ್ಲ.

ಮತ್ತೆ ಊರಿಗೆ ದುಡ್ಡು ಕಳಿಸಿ, ಸಾಮಾನು ಕಳಿಸಿ. ಅದರ ಜೊತೆ ಮೇಸ್ತ್ರಿಗೆ ಒಂದು ಫೋನೂ ಮಾಡಿ. "ಇದು ಕಳಿಸ್ತಿದ್ದೀನಿ, ಇದರಿಂದ ನಿಮ್ಮ ಕೆಲಸದಲ್ಲಿ ಏನಾದ್ರೂ ಬದಲಾಗುತ್ತಾ?" ಅಂತ ಕೇಳಿ. ಆ ಫೋನ್ ನಾನು ಮಾಡಿದ್ರೆ ನಮ್ಮ ಏರಿನಲ್ಲಿ ಆ ಜೀಪ್ ಹಿಂದಕ್ಕೆ ಜಾರ್ತಿರಲಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪಯ್ಯನ ಪುಸ್ತಕ ತೆಗೆದು ನೋಡಿದೆ. ಡೀಸೆಲ್ ಲೆಕ್ಕ ಇದೆ, ಮಂಡಿ ಲೆಕ್ಕ ಇದೆ. ಜೀಪಿನ ಪುಟದಲ್ಲಿ ಬೇರೆ ಟಿಪ್ಪಣಿ ಏನೂ ಇಲ್ಲ.